ಸೋತ ಯೋಜನೆ ಮತ್ತೆ ಬರುತ್ತದೆ



ಪರಿಸರ ಗುಂಪುಗಳ ಒಕ್ಕೂಟದ ಕೆಲಸ ಇನ್ನು ನಮ್ಮದು ಎಂದು ಘಟ್ಟದ ಮೇಲಿನ, ಕೆಳಗಿನ ಹತ್ತಾರು ಊರುಗಳಿಂದ ನೀವು ಮುಂದೆ ಬಂದಿದ್ದೀರಿ. ಶಾಬಾಸ್ ಅನ್ನಲು ಬೇರೆಯವರಿದ್ದಾರೆ. ಶಾಲೆಯ ಕೆಲಸ ಮುಗಿಸಿ ಸಂಜೆ ಹೊತ್ತು ಇಂಥ ಸಭೆಗಳ ನಡಾವಳಿ ಬರೆಯುತ್ತ ಮುದುಕನಾದ ಮಾಸ್ತರ ನಾನು. ಬರೆದದ್ದನ್ನು ತಿರುವಿ ನೋಡಿದಾಗ ಕಣ್ಣಿಗೆ ಬಿದ್ದದ್ದನ್ನು ಹೇಳುತ್ತೇನೆ. ನಮ್ಮ ಕಡೆ ಸೋತ ಯೋಜನೆ ಸಾಯುವುದಿಲ್ಲ. ಹತ್ತಿಪ್ಪತ್ತು ವರ್ಷ ಎಲ್ಲೋ ಒಂದು ಕಪಾಟಿನಲ್ಲಿ ಮಲಗಿರುತ್ತದೆ, ಆಮೇಲೆ ಹೊಸ ಹೆಸರು ಇಟ್ಟುಕೊಂಡು ಎದ್ದು ಬರುತ್ತದೆ. ಅಷ್ಟರಲ್ಲಿ ಅದನ್ನು ತಡೆದವರು ತೀರಿಕೊಂಡಿರುತ್ತಾರೆ, ಇಲ್ಲವೇ ನನ್ನ ಹಾಗೆ ಕೋಲು ಹಿಡಿದಿರುತ್ತಾರೆ. ಒಕ್ಕೂಟ ಅನ್ನುವುದು ಬೇಕಾಗಿರುವುದೇ ಆ ದಿನಕ್ಕೆ.

ಬೇಡ್ತಿಯ ಕತೆಯನ್ನು ಅಜ್ಜಂದಿರಿಂದ ಅರ್ಧಂಬರ್ಧ ಕೇಳಿರುತ್ತೀರಿ. ಮಾಗೋಡು ಜಲಪಾತದ ಹತ್ತಿರ ಜಲವಿದ್ಯುತ್ತಿಗೆಂದು ಅಣೆಕಟ್ಟು ಕಟ್ಟಲು ಹೊರಟಾಗ ಮುಳುಗುವ ಊರಿನವರು ಕೂಗಿದರು, ಮೆರವಣಿಗೆ ಹೋದರು. ಅದನ್ನು ಯಾವ ಊರಿನವರಾದರೂ ಮಾಡುತ್ತಿದ್ದರು. ಯಾರೂ ಮಾಡದಿದ್ದ ಕೆಲಸವೊಂದು 1981ರಲ್ಲಿ ಶಿರಸಿಯಲ್ಲಿ ಆಯಿತು. ಅಡಿಕೆ ಮಾರಾಟ ಮಾಡಿಕೊಡುವ ತೋಟಗಾರ್ಸ್ ಸೊಸೈಟಿ ಮುಂದೆ ನಿಂತು ವಿಜ್ಞಾನಿಗಳನ್ನು, ಲೆಕ್ಕ ಬಲ್ಲವರನ್ನು ಕರೆಸಿತು. ಯೋಜನೆಯ ಕಾಗದ ಬಿಚ್ಚಿ ಎಲ್ಲರೂ ಕೂತರು. ಮುಳುಗುವ ಕಾಡಿಗೆ ಎಷ್ಟು ಬೆಲೆ ಕಟ್ಟಿದ್ದೀರಿ, ತೋಟಕ್ಕೆ ಎಷ್ಟು, ಬರುವ ವಿದ್ಯುತ್ತಿಗೆ ಎಷ್ಟು ಎಂದು ಸಾಲು ಸಾಲಾಗಿ ಕೇಳಿದರು. ಸರ್ಕಾರದ ಲೆಕ್ಕವನ್ನು ರೈತರ ಸಹಕಾರ ಸಂಘವೊಂದು ಪರೀಕ್ಷೆಗೆ ಕೂರಿಸಿದ್ದು ಈ ದೇಶಕ್ಕೇ ಹೊಸದು. ಆ ಗೋಷ್ಠಿಯ ಬರಹಗಳು ಅದೇ ವರ್ಷ ಪುಸ್ತಕವಾಗಿ ಬಂದವು. ಯೋಜನೆ ನಿಂತಿತು. ಘೋಷಣೆಗಿಂತ ಆ ಲೆಕ್ಕವೇ ಅದನ್ನು ನಿಲ್ಲಿಸಿತು ಎಂಬುದು ನನ್ನ ನಂಬಿಕೆ.

ಈಗ ಅದೇ ಬೇಡ್ತಿಯ ಮೇಲೆ ಇನ್ನೊಂದು ಕಾಗದ ಬಂದಿದೆ. ಈ ಸಲ ವಿದ್ಯುತ್ತಿಗಲ್ಲ, ನೀರಿಗೆ, ಬೇಡ್ತಿ-ವರದಾ ಜೋಡಣೆ. ಕುಮಟಾದ ಹೊಳೆಸಾಲಿನವರಿಗೆ ಅಘನಾಶಿನಿ-ವೇದಾವತಿ ಜೋಡಣೆಯ ಚಿಂತೆ. ಒಂದೇ ಒಂದು ಅಣೆಕಟ್ಟಿಲ್ಲದೆ ಸಮುದ್ರ ಸೇರುವ ಹೊಳೆ ಅಘನಾಶಿನಿ. ಅದರ ಅಳಿವೆಯನ್ನು 2024ರಲ್ಲಿ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿಸಿದರು. ಒಂದು ಕೈ ಪಟ್ಟಿಗೆ ಸೇರಿಸುತ್ತದೆ, ಇನ್ನೊಂದು ಕೈ ಪೈಪು ಅಳೆಯುತ್ತದೆ. ಶರಾವತಿಯದೂ ಇದೇ ಪಾಡು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಆಗ ಮನೆಮಠ ಮುಳುಗಿಸಿಕೊಂಡು ಎದ್ದು ಹೋದವರ ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಆಮೇಲೆ ಗೇರುಸೊಪ್ಪೆಯಲ್ಲಿ ಟೇಲ್‌ರೇಸ್ ಯೋಜನೆ ಬಂತು. ಈಗ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಅನ್ನುತ್ತಿದ್ದಾರೆ, ಅದೂ ಸಿಂಗಳೀಕಗಳಿಗೆಂದೇ ಮೀಸಲಿಟ್ಟ ಅಭಯಾರಣ್ಯದ ಒಳಗೆ.

ಸರ್ಕಾರಕ್ಕೆ ಕಪಾಟಿದೆ. ಅಧಿಕಾರಿಗೆ ವರ್ಗವಾದರೂ ಕಡತಕ್ಕೆ ವರ್ಗವಿಲ್ಲ. ನಮ್ಮ ಹತ್ತಿರ ಏನಿದೆ? ಒಬ್ಬರ ಅಟ್ಟದ ಮೇಲೆ ಗೆದ್ದಲು ಹಿಡಿದ ಕರಪತ್ರದ ಕಟ್ಟು, ಇನ್ನೊಬ್ಬರ ಫೋನಿನಲ್ಲಿ ಸಾವಿರಾರು ಫೋಟೋ, ಮೂರನೆಯವರ ಬಾಯಲ್ಲಿ ಒಂದಿಷ್ಟು ನೆನಪು. ಹಾಗಾಗಿ ನಿಮ್ಮ ಮೊದಲ ಕೆಲಸ ಮನವಿ ಕೊಡುವುದೂ ಅಲ್ಲ, ಜಾಥಾ ತೆಗೆಯುವುದೂ ಅಲ್ಲ. ಹಳೆಯ ಠರಾವು, ಮಾಹಿತಿ ಹಕ್ಕಿನಲ್ಲಿ ಬಂದ ಉತ್ತರ, ಕೋರ್ಟಿನ ಆದೇಶ, ಮುಳುಗಡೆಯ ನಕ್ಷೆ, ಪತ್ರಿಕೆಯ ತುಂಡು, ಇಷ್ಟನ್ನೂ ಒಂದು ಕಡೆ ತನ್ನಿ. ನದಿಗೊಂದು ಪೆಟ್ಟಿಗೆ ಮಾಡಿ. ಸ್ಕ್ಯಾನ್ ಮಾಡುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆದರೆ ಯಾವ ಕಾಗದ ಯಾಕೆ ಮುಖ್ಯ ಎಂದು ಹೇಳಬಲ್ಲ ಮುದುಕರು ಇನ್ನು ಹೆಚ್ಚು ಜನ ಉಳಿದಿಲ್ಲ. ಅವರ ಮನೆಗೆ ಹೋಗಿ, ಕೂತು, ಅವರು ಹೇಳಿದ್ದನ್ನು ಕಾಗದದ ಹಿಂಬದಿಗೆ ಬರೆದುಕೊಳ್ಳಿ. ಮಾತು ಉದ್ದವಾಗುತ್ತದೆ, ಮೂರು ಸಲ ಕಷಾಯ ಬರುತ್ತದೆ. ಸಹಿಸಿಕೊಳ್ಳಿ.

ನಡಿಗೆಯ ಬಗ್ಗೆ ನೀವು ಬಹಳ ಉತ್ಸಾಹದಲ್ಲಿದ್ದೀರಿ ಎಂದು ಕೇಳಿದೆ. ಒಳ್ಳೆಯದೇ. 1987ರ ನವೆಂಬರ್ 1ರಂದು ಒಂದು ತಂಡ ಕನ್ಯಾಕುಮಾರಿಯಿಂದ, ಇನ್ನೊಂದು ತಂಡ ಮಹಾರಾಷ್ಟ್ರದ ನವಾಪುರದಿಂದ ಹೊರಟಿತು. ಅದು ಪಶ್ಚಿಮ ಘಟ್ಟ ಉಳಿಸಿ ಪಾದಯಾತ್ರೆ. ಸುಮಾರು ಮೂರು ತಿಂಗಳು ನಡೆದು, ಮರುವರ್ಷ ಫೆಬ್ರವರಿಯಲ್ಲಿ ಗೋವಾದ ಫೋಂಡಾದಲ್ಲಿ ಎರಡೂ ತಂಡ ಕೂಡಿದವು. ತಮಿಳರು, ಮಲಯಾಳಿಗಳು, ಕನ್ನಡಿಗರು, ಕೊಂಕಣಿಗರು, ಮರಾಠಿಗರು ಎಲ್ಲರೂ ಇದ್ದರು. ಯಾರಿಗೂ ಸಂಬಳವಿಲ್ಲ, ಊಟ ಹಾದಿಯ ಊರಿನವರದು. ಇಷ್ಟನ್ನೇ ಹೇಳಿ ರೋಮಾಂಚನಗೊಳ್ಳುವವರು ಬಹಳ. ಆ ನಡಿಗೆಯ ನಿಜವಾದ ಫಸಲು ಬೇರೆ. ಅಲ್ಲಿಯವರೆಗೆ ಕಾಡು, ನದಿ ಎಂದು ಹೋರಾಡುತ್ತಿದ್ದವರೆಲ್ಲ ತಂತಮ್ಮ ತಾಲೂಕಿನವರಾಗಿದ್ದರು. ಸೈಲೆಂಟ್ ವ್ಯಾಲಿಯನ್ನು ಉಳಿಸಿಕೊಂಡ ಕೇರಳದವರಿಗೆ ನಮ್ಮ ಸಲ್ಕಣಿ ಎಲ್ಲಿದೆ ಎಂದು ಗೊತ್ತಿರಲಿಲ್ಲ. 1983ರ ಸೆಪ್ಟೆಂಬರ್ 8ರಂದು ಅಲ್ಲಿನ ಕಳಸೆ ಕಾಡಿನಲ್ಲಿ ಅಪ್ಪಿಕೋ ಎಂದು ಮರ ಅಪ್ಪಿಕೊಂಡು ನಿಂತ ನಮ್ಮ ಹುಡುಗರಿಗೆ ನೀಲಗಿರಿ ಬೆಟ್ಟದ ಬುಡಕಟ್ಟಿನವರ ಸುದ್ದಿ ತಿಳಿದಿರಲಿಲ್ಲ. ತಾಪಿಯ ಬಳಿ ಶುರುವಾಗಿ ಕನ್ಯಾಕುಮಾರಿಯ ತನಕ 1600 ಕಿಲೋಮೀಟರು ಇದು ಒಂದೇ ಬೆಟ್ಟಸಾಲು ಎಂದು ಪುಸ್ತಕದಲ್ಲಿ ಇತ್ತು. ಜನಕ್ಕೆ ಅದು ಅನುಭವಕ್ಕೆ ಬಂದದ್ದು ಆ ಮೂರು ತಿಂಗಳಲ್ಲಿ. ವಿಳಾಸಗಳು ಕೈ ಬದಲಾದವು. ಅಂಚೆ ಕಾಗದ ಓಡಾಡಿತು. ಅಷ್ಟೇ ಒಕ್ಕೂಟ, ಕಟ್ಟಡವಿಲ್ಲ, ನೌಕರರಿಲ್ಲ.

ಆ ಪರಿಚಯ ಇಪ್ಪತ್ತು ವರ್ಷದ ಮೇಲೆ ಹೇಗೆ ಕೆಲಸಕ್ಕೆ ಬಂತು ನೋಡಿ. 2010ರ ಫೆಬ್ರವರಿಯಲ್ಲಿ ನೀಲಗಿರಿಯ ಕೋಟಗಿರಿಯಲ್ಲಿ ಪಶ್ಚಿಮ ಘಟ್ಟ ಉಳಿಸಿ ಬಳಗ ಮತ್ತೆ ಸೇರಿತು. ಆಗ ಕೇಂದ್ರದ ಪರಿಸರ ಮಂತ್ರಿಯಾಗಿದ್ದ ಜೈರಾಮ್ ರಮೇಶ್ ಆ ಸಭೆಗೆ ಬಂದರು. ಮರುತಿಂಗಳೇ ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ನೇಮಕವಾಯಿತು. ಗಾಡ್ಗೀಳ್ ವರದಿ, ಗಾಡ್ಗೀಳ್ ವರದಿ ಎಂದು ಇಷ್ಟು ವರ್ಷ ಎಲ್ಲರ ಬಾಯಲ್ಲಿ ಓಡಾಡಿದ ಆ ಕಡತದ ಹುಟ್ಟಿಗೆ ಸ್ವಯಂಸೇವಕರ ಒಂದು ಕೂಟ ಕಾರಣ. ಇದನ್ನು ನೀವು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಹೆಮ್ಮೆ ಅಲ್ಲಿಗೆ ಸಾಕು. ಮುಂದಿನ ಕತೆ ಹೆಮ್ಮೆಯದಲ್ಲ. 2011ರ ಆಗಸ್ಟಿನಲ್ಲಿ ಸಮಿತಿ ವರದಿ ಕೊಟ್ಟಿತು. ಸರ್ಕಾರ ಅದನ್ನು ತಿಂಗಳುಗಟ್ಟಲೆ ಮುಚ್ಚಿಟ್ಟಿತು. ಕೇರಳದ ಒಬ್ಬರು ಮಾಹಿತಿ ಹಕ್ಕಿನಲ್ಲಿ ಹಟ ಹಿಡಿದು ಹೋರಾಡಿದ ಮೇಲೆ 2012ರ ಮೇ ತಿಂಗಳಲ್ಲಿ ಹೊರಗೆ ಬಂತು. ಬಂದದ್ದು ಇಂಗ್ಲಿಷಿನಲ್ಲಿ. ಘಟ್ಟವನ್ನು ಮೂರು ವಲಯ ಮಾಡಿ, ಯಾವುದರಲ್ಲಿ ಏನಿರಬೇಕು ಎಂಬುದನ್ನು ಕೊನೆಗೆ ಗ್ರಾಮಸಭೆಗಳೇ ಚರ್ಚಿಸಿ ತೀರ್ಮಾನಿಸಲಿ ಎಂದು ಅದರಲ್ಲಿತ್ತು. ಆ ಮಾತು ನಮ್ಮ ಗ್ರಾಮಸಭೆಯವರೆಗೆ ಬರಲೇ ಇಲ್ಲ. ಬಂದದ್ದು ಗಾಳಿಮಾತು. ಮನೆಗೆ ಹೆಂಚು ಬದಲಿಸುವಂತಿಲ್ಲ, ದನ ಕಟ್ಟುವಂತಿಲ್ಲ, ತೋಟಕ್ಕೆ ಮಣ್ಣು ಹಾಕುವಂತಿಲ್ಲ, ಊರೇ ಖಾಲಿ ಮಾಡಿಸುತ್ತಾರೆ ಎಂದು. ಗಣಿಯವರಿಗೂ ರೆಸಾರ್ಟಿನವರಿಗೂ ಅದಕ್ಕಿಂತ ಹೆಚ್ಚು ಬೇಕಾಗಿರಲಿಲ್ಲ. ಆಮೇಲೆ ಆ ವರದಿಯನ್ನು ಪರಿಶೀಲಿಸಲು ಕಸ್ತೂರಿರಂಗನ್ ಸಮಿತಿ ಬಂತು. ಘಟ್ಟದ ಸುಮಾರು ಶೇಕಡಾ 37 ಭಾಗ ಸೂಕ್ಷ್ಮ ಪ್ರದೇಶ ಎಂದಿತು. 2014ರಿಂದ ಕರಡು ಅಧಿಸೂಚನೆ ಹೊರಡಿಸುವುದು, ಅವಧಿ ಮುಗಿಯುವುದು, ಮತ್ತೆ ಹೊರಡಿಸುವುದು. ಆರನೆಯ ಕರಡು ಬಂದದ್ದು 2024ರ ಜುಲೈ 31ಕ್ಕೆ, ವಯನಾಡಿನಲ್ಲಿ ಗುಡ್ಡ ಕುಸಿದು ನೂರಾರು ಜನ ಮಣ್ಣಿನಡಿ ಹೋದ ಮರುದಿನ. ಅದಕ್ಕೆ ಎರಡು ವಾರ ಮೊದಲು ನಮ್ಮ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದಿತ್ತು.

ಈಗ ನಿಮ್ಮ ಮನೆಗೇ ಬರೋಣ. ನಿಮ್ಮಲ್ಲಿ ಬಹಳ ಜನರ ಅಪ್ಪ ಗ್ರಾಮಸಭೆಯಲ್ಲಿ ಈ ವರದಿಗಳ ವಿರುದ್ಧ ಕೈ ಎತ್ತಿದವರು. ಅಪ್ಪ ಮೂರ್ಖ ಎಂದುಕೊಂಡು ನೀವು ಒಕ್ಕೂಟಕ್ಕೆ ಬಂದಿದ್ದರೆ ದಯವಿಟ್ಟು ವಾಪಸು ಹೋಗಿ. ಓದಿ ಹೇಳುವವರಿಲ್ಲದ ಕಾಗದಕ್ಕೆ ಹೆದರುವುದು ಮೂರ್ಖತನ ಅಲ್ಲ. ನಮ್ಮ ಜನ ಕಾಗದದಿಂದ ಕಳೆದುಕೊಂಡವರು. ನೀವು ಕೂತು ಆ ಕರಡಿನಲ್ಲಿ ನಿಮ್ಮ ಊರಿನ ಹೆಸರಿದೆಯೇ ನೋಡಿ. ಇದ್ದರೆ ಯಾವುದಕ್ಕೆ ನಿಷೇಧ, ಯಾವುದಕ್ಕಿಲ್ಲ ಎಂದು ಎರಡೇ ಪುಟದ ಕನ್ನಡದಲ್ಲಿ ಬರೆಯಿರಿ. ಕೃಷಿಗೆ ಏನೂ ಅಡ್ಡಿಯಿಲ್ಲ ಎಂದಿದ್ದರೆ ಹಾಗೇ ಬರೆಯಿರಿ. ತೊಡಕಿದ್ದರೆ ಅದನ್ನೂ ಮುಚ್ಚಿಡಬೇಡಿ. ಬರೆದದ್ದನ್ನು ಹಾಲಿನ ಡೇರಿಯಲ್ಲಿ, ಸೊಸೈಟಿಯ ಕಟ್ಟೆಯಲ್ಲಿ, ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಿ. ಒಪ್ಪುತ್ತಾರೆ ಎಂದು ನಾನು ಹೇಳುವುದಿಲ್ಲ. ಕಡೆಗೆ ಬೇಡ ಎಂದರೂ ತಿಳಿದು ಬೇಡ ಅಂದಂತಾಗುತ್ತದೆ. ಒಂದು ವರದಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಊರಿನ ಮಾತಿಗೆ ಇಳಿಸುವಂಥ ಸಪ್ಪೆ ಕೆಲಸಕ್ಕೆ ಯಾರೂ ಹಾರ ಹಾಕುವುದಿಲ್ಲ, ಪತ್ರಿಕೆಯಲ್ಲಿ ಫೋಟೋ ಬರುವುದಿಲ್ಲ. ಅದಕ್ಕೇ ಅದು ಆಗದೆ ಉಳಿದಿದೆ.

ಇನ್ನೊಂದು ವಿಷಯ ಹೇಳಿದರೆ ನಮ್ಮ ಪೈಕಿಯವರಿಗೇ ಸ್ವಲ್ಪ ಮೈ ಉರಿಯಬಹುದು, ಆದರೂ ಹೇಳುತ್ತೇನೆ. ಈ ಸೀಮೆಯ ಪರಿಸರ ಹೋರಾಟದ ವೇದಿಕೆಯಲ್ಲಿ ಕೂತವರು ಹೆಚ್ಚಾಗಿ ಅಡಿಕೆ ತೋಟದವರು. ನಮಗೆ ಬ್ರಿಟಿಷರ ಕಾಲದಿಂದ ಸೊಪ್ಪಿನ ಬೆಟ್ಟವಿದೆ, ಸೊಪ್ಪು, ದರಕು ತರುವ ಸವಲತ್ತಿದೆ. ಅದೇ ಕಾಡಿನ ಅಂಚಿನಲ್ಲಿ ದನ ಮೇಯಿಸಿಕೊಂಡಿರುವ ಗೌಳಿಗಳಿಗೆ, ಯಲ್ಲಾಪುರ, ಹಳಿಯಾಳದ ಸಿದ್ದಿಗಳಿಗೆ, ಜೋಯಿಡಾದ ಕುಣಬಿಗಳಿಗೆ ಅಷ್ಟು ಭದ್ರವಾದ ಕಾಗದ ಇಲ್ಲ. ಅವರು ಎರಡು ಎಕರೆ ಉತ್ತರೆ ಅತಿಕ್ರಮಣ ಆಗುತ್ತದೆ, ನಾವು ಬೆಟ್ಟದೊಳಗೆ ಅಡಿಕೆ ಹಚ್ಚಿದರೆ ಅದು ತೋಟದ ವಿಸ್ತರಣೆ ಆಗುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಬುಡಕಟ್ಟಿನವರಲ್ಲದ ಕಾಡವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸ ತೋರಿಸಬೇಕು ಎಂಬ ಷರತ್ತು ಹಾಕಿದರು. ನಮ್ಮ ಜಿಲ್ಲೆಯಲ್ಲಿ ಸಾವಿರಾರು ಅರ್ಜಿಗಳು ಅಲ್ಲೇ ಬಿದ್ದುಹೋದವು. ಆಗ ಕಾಡು ಉಳಿಸುವವರು ಒಂದು ಕಡೆ, ಕಾಡಿನಲ್ಲಿರುವವರು ಇನ್ನೊಂದು ಕಡೆ ಆಗಿಬಿಟ್ಟರು. ನಿಮ್ಮ ಒಕ್ಕೂಟದ ಸಭೆಗೆ ಸಿದ್ದಿ ಹುಡುಗಿ ಬರುತ್ತಾಳೆಯೇ, ಬಂದರೆ ಹಾಡು ಹೇಳಲು ಮಾತ್ರ ಕರೆಯುತ್ತೀರೋ, ಠರಾವಿಗೆ ತಿದ್ದುಪಡಿ ಸೂಚಿಸಲೂ ಕರೆಯುತ್ತೀರೋ ನೋಡಿಕೊಳ್ಳಿ. ಹಾಗೆಯೇ ಹೆಂಗಸರು. ಅಪ್ಪಿಕೋ ಕಾಲದಿಂದ ಅವರು ಕಾಡಿಗೆ ಬಂದಿದ್ದಾರೆ, ಸಭೆಗೆ ಬುತ್ತಿ ಕಟ್ಟಿದ್ದಾರೆ; ನಡಾವಳಿ ಪುಸ್ತಕದಲ್ಲಿ ಅವರ ರುಜು ಕಡಿಮೆ.

ಬಯಲುಸೀಮೆಯ ವಿಷಯಕ್ಕೆ ಬರುತ್ತೇನೆ. ಇದೇ ಈಗ ಎಲ್ಲಕ್ಕಿಂತ ಕಷ್ಟದ್ದು. ಮೊದಲು ಒಂದು ಹಳೆಯ ಕತೆ.

1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿದವು. ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಗೋಮಾಳ, ಬೆಟ್ಟದ ಭೂಮಿಯಲ್ಲಿ ನೀಲಗಿರಿ ಮರ ಬೆಳೆಸಿ ಕಾರ್ಖಾನೆಗೆ ಕೊಡುವುದು ಲೆಕ್ಕ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎದ್ದು ನಿಂತಿತು, ಎಸ್.ಆರ್. ಹಿರೇಮಠರು ಹಳ್ಳಿ ಹಳ್ಳಿ ಸುತ್ತಿದರು. ಶಿವರಾಮ ಕಾರಂತರ ಹೆಸರು ಮುಂದಿಟ್ಟುಕೊಂಡು ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ಅದೇ ಗುಂಡಿಗೆ ಹಣ್ಣಿನ, ಮೇವಿನ ಗಿಡ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಎಂದು ಅದಕ್ಕೆ ಹೆಸರು. ಕನ್ಯಾಕುಮಾರಿಯಿಂದ ಹೊರಟವರು ಇನ್ನೂ ದಾರಿಯಲ್ಲಿದ್ದ ದಿನಗಳು ಅವು. 1991ರಲ್ಲಿ ಆ ಕಂಪನಿ ಬಾಗಿಲು ಹಾಕಿತು. ಮಲೆನಾಡಿನವರೂ ಬಯಲಿನವರೂ ಒಂದೇ ಸಾಲಿನಲ್ಲಿ ನಿಂತಿದ್ದರು. ಅದೇ ಕಾರ್ಖಾನೆ ತುಂಗಭದ್ರೆಗೆ ಬಿಡುತ್ತಿದ್ದ ಕೊಳೆನೀರಿನ ವಿರುದ್ಧ ಎದ್ದವರೂ ಕೆಳಗಿನ ಮೀನುಗಾರರು, ರೈತರೇ.

ಈಗ ಬೇಡ್ತಿಯ ನೀರು ಯಾರಿಗೆ ಎಂದು ನಕ್ಷೆಯಲ್ಲಿ ಬೆರಳಿಟ್ಟು ನೋಡಿ. ವರದಾ ನದಿಗೆ. ವರದೆ ಬನವಾಸಿ ದಾಟಿ ಹಾನಗಲ್ ಸೀಮೆಗೇ ಇಳಿಯುತ್ತದೆ. ಅಂದು ನಮ್ಮ ಪಕ್ಕದಲ್ಲಿ ನಿಂತು ಸಸಿ ಕಿತ್ತವರ ಮೊಮ್ಮಕ್ಕಳು ಇವತ್ತು ಹಾವೇರಿಯಲ್ಲಿ ನೀರು ಕೊಡಿ ಎಂದು ಮೆರವಣಿಗೆ ಹೋಗುತ್ತಾರೆ, ನಮ್ಮವರು ಶಿರಸಿಯಲ್ಲಿ ಕೊಡೆವು ಎಂದು ಹೋಗುತ್ತಾರೆ. ಎರಡೂ ಮೆರವಣಿಗೆಗೆ ಭಾಷಣ ಮಾಡಲು ರಾಜಕಾರಣಿಗಳಿಗೆ ಖುಷಿಯೋ ಖುಷಿ. ಒಕ್ಕೂಟ ಎಂದು ಬೋರ್ಡು ಹಾಕಿಕೊಂಡ ಮೇಲೆ ನೀವು ಘಟ್ಟದ ಅಂಚಿಗೆ ನಿಂತು ಕೂಗಿದರೆ ಸಾಲದು. ಬಸ್ಸು ಹತ್ತಿ ಹಾನಗಲ್ಲಿಗೆ, ಸವಣೂರಿಗೆ, ಗದಗಿಗೆ ಹೋಗಿ. ಭಾಷಣ ಬೇಡ. ಮಳೆಗಾಲದಲ್ಲಿ ವರದೆ ಉಕ್ಕಿ ಹೊಲ ಮುಳುಗುತ್ತದೆ, ಬೇಸಿಗೆಯಲ್ಲಿ ಬೋರು ಬತ್ತುತ್ತದೆ. ಇದು ಯಾಕೆ ಹೀಗೆ ಎಂದು ಅವರ ಕಟ್ಟೆಯ ಮೇಲೆ ಕೂತು ಕೇಳಿ. ಹಾನಗಲ್ಲಿನ ಸೀಮೆ ತುಂಬ ಹಳೆಯ ಕೆರೆಗಳಿವೆ. ಎಷ್ಟರಲ್ಲಿ ಹೂಳು, ಎಷ್ಟರ ಕಾಲುವೆ ಮುಚ್ಚಿದೆ ಎಂದು ಅವರ ಜೊತೆಗೇ ಲೆಕ್ಕ ಹಾಕಿ. ಬೇಡ್ತಿಯಲ್ಲಿ ಬೇಸಿಗೆಗೆ ಎಷ್ಟು ನೀರಿರುತ್ತದೆ ಎಂಬುದನ್ನು ಬಂದು ನೋಡಿ ಎಂದು ಕರೆಯಿರಿ. ಬಂದವರಿಗೆ ಊಟ ಹಾಕಿ. 1981ರಲ್ಲಿ ತೋಟಗಾರರು ಮಾಡಿದ ಲೆಕ್ಕವನ್ನು ಈ ಸಲ ಎರಡೂ ಸೀಮೆಯವರು ಕೂಡಿ ಮಾಡಬೇಕಾಗಿದೆ. ಅವರ ಬಾಯಾರಿಕೆ ನಮ್ಮ ಲೆಕ್ಕದಲ್ಲಿ ಒಂದು ಸಾಲಾಗಿ ಬರದಿದ್ದರೆ ಆ ಲೆಕ್ಕ ನಿಲ್ಲುವುದಿಲ್ಲ, ನಿಲ್ಲಲೂ ಬಾರದು.

ಒಳಗಿನ ಜಗಳಕ್ಕೆ ಹೆದರಬೇಡಿ. ಕುದುರೆಮುಖದಲ್ಲಿ ಏನಾಯಿತೆಂದು ಓದಿಕೊಳ್ಳಿ. ಭದ್ರೆಗೆ ಅದಿರಿನ ಹೂಳು ತುಂಬುತ್ತಿದ್ದ ಗಣಿ ನಿಲ್ಲಬೇಕು ಎಂಬಲ್ಲಿ ಹಳ್ಳಿಗರು, ವನ್ಯಜೀವಿ ತಜ್ಞರು, ಕೋರ್ಟಿಗೆ ಹೋದವರು ಎಲ್ಲರೂ ಒಂದೇ. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಆದೇಶ ಬಂತು, 2005ರ ಕೊನೆಗೆ ಗಣಿ ನಿಂತಿತು. ಆದರೆ ಅದೇ ಬೆಟ್ಟವನ್ನು ರಾಷ್ಟ್ರೀಯ ಉದ್ಯಾನ ಮಾಡಿದಾಗ ಒಳಗಿದ್ದ ಜನರ ಗತಿ ಏನು ಎಂಬಲ್ಲಿ ಅವರೆಲ್ಲ ಸೀಳಿಹೋದರು, ಕೆಲವರು ಇವತ್ತಿಗೂ ಮಾತಾಡುವುದಿಲ್ಲ. ಗುಂಪುಗಳು ಎಲ್ಲ ವಿಷಯದಲ್ಲೂ ಒಪ್ಪಬೇಕೆಂದು ಹೊರಟರೆ ಒಕ್ಕೂಟ ಒಂದು ಮಳೆಗಾಲವೂ ಬಾಳುವುದಿಲ್ಲ. ಯಾವುದರಲ್ಲಿ ಒಪ್ಪಿಗೆ, ಯಾವುದರಲ್ಲಿ ಇಲ್ಲ ಎಂದು ನಡಾವಳಿಯಲ್ಲಿ ಸ್ಪಷ್ಟ ಬರೆದು ಇಬ್ಬರ ರುಜುವನ್ನೂ ತೆಗೆದುಕೊಳ್ಳಿ. ಭಿನ್ನಮತವನ್ನು ಬರೆದಿಟ್ಟರೆ ಅದು ಅಲ್ಲೇ ಕೂತಿರುತ್ತದೆ. ಬರೆಯದಿದ್ದರೆ ಬೆನ್ನ ಹಿಂದೆ ತಿರುಗುತ್ತದೆ.

ಯೋಜನೆಗಳ ಅಹವಾಲು ಸಭೆಗೆ ಹೋಗುವಾಗ ಕಾನೂನು ಬಲ್ಲವರ ದಾರಿ ಕಾಯಬೇಡಿ. ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆ ಓದಿದರೆ ಸಾಕು: ಸಭೆಗೆ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಬಂದ ಆಕ್ಷೇಪಗಳನ್ನೆಲ್ಲ ನಡಾವಳಿಯಲ್ಲಿ ಬರೆದು ಅಲ್ಲೇ ಓದಿ ಹೇಳಬೇಕು. ಆ ದಪ್ಪ ವರದಿಯನ್ನು ಹೆದರದೆ ಬಿಡಿಸಿ. ನಿಮ್ಮೂರಿನ ಮರ, ಮೀನು, ಹಕ್ಕಿಗಳ ಪಟ್ಟಿ ಎಲ್ಲಿದೆ ನೋಡಿ, ಅದನ್ನು ಊರಿನ ಅಜ್ಜಿಯ ಮುಂದೆ ಓದಿ. ರತ್ನಾಗಿರಿಯ ಒಂದು ಬಾಕ್ಸೈಟ್ ಗಣಿಯ ವರದಿಯಲ್ಲಿ ರಷ್ಯಾದ ಗಣಿಯ ವರದಿಯನ್ನೇ ನಕಲು ಹೊಡೆದಿದ್ದರು. ಕೊಂಕಣದ ಕಾಡಿನಲ್ಲಿ ಇಲ್ಲದ ಗಿಡಮರಗಳೆಲ್ಲ ಅಲ್ಲಿದ್ದವು. ಇಂಥದ್ದನ್ನು ಹಿಡಿಯಲು ಪದವಿ ಬೇಕಿಲ್ಲ, ಊರಿನ ಕಾಡು ಗೊತ್ತಿದ್ದರೆ ಆಯಿತು. ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸುವ ಭಾಷಣಕ್ಕಿಂತ ಪುಟದ ಸಂಖ್ಯೆ ಹಾಕಿ, ಬರೆದು ಕೊಟ್ಟು, ಸ್ವೀಕೃತಿ ಪಡೆದ ಒಂದು ಹಾಳೆ ಆಕ್ಷೇಪಣೆ ಮೇಲು. ಕೋರ್ಟಿಗೆ ಹೋದಾಗ ಚಪ್ಪಾಳೆಯನ್ನು ಯಾರೂ ಹಾಜರುಪಡಿಸಲಾರರು.

ದುಡ್ಡಿನ ಮಾತು. ಸ್ವಯಂಸೇವೆ ಎಂದರೆ ಹಸಿದುಕೊಂಡು ಮಾಡುವುದು ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಹೊನ್ನಾವರದ ಡಾ. ಕುಸುಮಾ ಸೊರಬ ಅವರ ಹೆಸರು ಕೇಳಿದ್ದೀರಲ್ಲ? ಕಾಸರಕೋಡಿನ ಸ್ನೇಹಕುಂಜದಲ್ಲಿ ರೋಗಿಗಳನ್ನು ನೋಡುತ್ತಲೇ ಅವರು ಕೈಗಾದ ಅಣುಸ್ಥಾವರ, ಶರಾವತಿ ಟೇಲ್‌ರೇಸ್ ಬೇಡ ಎಂದು ಓಡಾಡಿದರು. ವೈದ್ಯಕೀಯ ಬಿಟ್ಟು ಹೋರಾಟಕ್ಕೆ ಬಂದವರಲ್ಲ. ಊರಿನವರ ನಾಡಿ ಹಿಡಿದು ಗೊತ್ತಿದ್ದುದರಿಂದಲೇ ಅವರ ಮಾತಿಗೆ ತೂಕ. 1998ರಲ್ಲಿ ತೀರಿಕೊಂಡರು, ಅವರಿಗಿನ್ನೂ ಹೋಗುವ ವಯಸ್ಸಾಗಿರಲಿಲ್ಲ. ನಿಮಗೂ ಅದೇ ಹೇಳುವುದು. ತೋಟ ಮಾಡಿ, ಅಂಗಡಿ ನಡೆಸಿ, ಬೆಂಗಳೂರಿನ ಕಂಪನಿಗೆ ಮನೆಯಿಂದ ಕೆಲಸ ಮಾಡುವವರಿದ್ದರೆ ಮಾಡಿ. ಹೊಟ್ಟೆಪಾಡು ಗಟ್ಟಿಯಿದ್ದವರನ್ನು ಕೊಳ್ಳುವುದು ಕಷ್ಟ. ವಾರಕ್ಕೆ ಒಂದು ಸಂಜೆ ಕೊಡಿ, ಆದರೆ ತಪ್ಪದೆ ಕೊಡಿ. ಬಸ್ ಚಾರ್ಜು, ಜೆರಾಕ್ಸಿನ ಖರ್ಚು ಒಕ್ಕೂಟದ್ದಾಗಲಿ, ಚೀಟಿ ಇಡಿ. ಹೊರಗಿನ ದೊಡ್ಡ ಹಣ ಬಂದರೆ ಮೊದಲು ಖುಷಿ, ಆಮೇಲೆ ಕಚೇರಿ, ಆಮೇಲೆ ಆ ಕಚೇರಿ ನಡೆಸಲು ಮತ್ತೆ ಹಣ. ಆಗ ಯಾರ ಕೆಲಸ ಯಾರು ಮಾಡುತ್ತಿದ್ದೀರಿ ಎಂಬುದೇ ಮರೆತು ಹೋಗುತ್ತದೆ. ಲೆಕ್ಕವನ್ನು ಕೇಳುವ ಮೊದಲೇ ತೋರಿಸಿ. ನಮ್ಮ ಮೇಲೆ ಬರುವ ಮೊದಲ ಆರೋಪ ಯಾವಾಗಲೂ ವಿದೇಶಿ ದುಡ್ಡಿನದೇ, ಅದಕ್ಕೆ ಪಾಸ್‌ಬುಕ್ಕಿಗಿಂತ ಒಳ್ಳೆಯ ಉತ್ತರ ಇಲ್ಲ.

ಸಂಚಾಲಕನ ಹುದ್ದೆ ಎರಡು ವರ್ಷಕ್ಕಿಂತ ಹೆಚ್ಚು ಒಬ್ಬರ ಹತ್ತಿರ ಇರಬಾರದು. ಸಂಚಾಲಕ ಎಷ್ಟೇ ಒಳ್ಳೆಯವನಿರಲಿ, ಒಳ್ಳೆಯವನಿದ್ದರೆ ಇನ್ನೂ ಬೇಗ ಬದಲಿಸಿ, ಯಾಕೆಂದರೆ ಉಳಿದವರು ಅವನ ಹೆಗಲ ಮೇಲೆ ನಿದ್ದೆ ಹೋಗುತ್ತಾರೆ. ನಮ್ಮ ಸೀಮೆಯಲ್ಲಿ ಕೆಲವು ಸಂಘಟನೆಗಳು ಒಬ್ಬ ಮನುಷ್ಯನ ಹೆಸರಿನ ಜೊತೆಗೇ ಎದ್ದು, ಅವನ ಮೊಣಕಾಲು ನೋವಿನ ಜೊತೆಗೇ ಕೂತವು.

ಎಲ್ಲ ಕಡೆ ಗೆಲ್ಲುತ್ತೀರಿ ಎಂದು ನಾನು ಸುಳ್ಳು ಹೇಳಲಾರೆ. ಕೈಗಾದಲ್ಲಿ ನಾವು ಸೋತಿದ್ದೇವೆ. 1989ರಲ್ಲಿ ಶಿವರಾಮ ಕಾರಂತರು ಎಂಬತ್ತು ದಾಟಿದ ವಯಸ್ಸಿನಲ್ಲಿ ಕಾರವಾರದಿಂದ ಲೋಕಸಭೆಗೆ ನಿಂತು, ಊರೂರಲ್ಲಿ ಅಣುಸ್ಥಾವರದ ವಿಷಯ ಮಾತಾಡಿ ಸೋತರು. 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಪದರ ಕುಸಿದು ಬಿತ್ತು. ರಿಪೇರಿಯಾಗಿ ಸ್ಥಾವರ ಶುರುವೂ ಆಯಿತು. ಇವತ್ತು ಅಲ್ಲಿ ನಾಲ್ಕು ಘಟಕಗಳಿವೆ, ಐದು ಮತ್ತು ಆರಕ್ಕೆ 2018ರ ಡಿಸೆಂಬರಿನಲ್ಲಿ ಅಹವಾಲು ಸಭೆ ನಡೆಯಿತು. ಕಾರಂತರು ಸೋಲುವುದು ಗೊತ್ತಿದ್ದೂ ನಿಂತರು ಎಂದೇ ನಾನು ತಿಳಿದಿದ್ದೇನೆ. ಆ ಚುನಾವಣೆ ಇಲ್ಲದಿದ್ದರೆ ಅಣುವಿಕಿರಣ ಎಂಬ ವಿಷಯ ನಮ್ಮ ಹಳ್ಳಿಗಳ ಕಟ್ಟೆಯ ಮೇಲೆ ಅಷ್ಟು ಚರ್ಚೆಗೆ ಬರುತ್ತಿರಲಿಲ್ಲ. ಸೋತ ಹೋರಾಟದ ಕಾಗದಗಳನ್ನೂ ಪೆಟ್ಟಿಗೆಯಲ್ಲಿ ಇಡಿ. ಸೋತ ಯೋಜನೆ ಮತ್ತೆ ಬರುವ ಹಾಗೆ ಸೋತ ಪ್ರಶ್ನೆಯೂ ಮತ್ತೆ ಬರಬೇಕು.

ಕಡೆಗೆ ಒಂದು ಕೆಲಸ ಹಚ್ಚಿ ಬಿಡುತ್ತೇನೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಿಮ್ಮ ಪಂಚಾಯತಿಗೆ ಹೋಗಿ ಪಿಡಿಒ ಅವರನ್ನು ಮರ್ಯಾದೆಯಿಂದ ಕೇಳಿ: ಸಮಿತಿಯಲ್ಲಿ ಯಾರಿದ್ದಾರೆ, ಕಳೆದ ಸಭೆ ಯಾವಾಗ, ದಾಖಲಾತಿ ಎಲ್ಲಿದೆ. ಬಹಳ ಕಡೆ ಸಮಿತಿ ಹೆಸರಿಗಷ್ಟೇ ಇರುತ್ತದೆ, ಪುಸ್ತಕವನ್ನು ಯಾರೋ ಏಜೆನ್ಸಿಯವರು ಬರೆದು ಹೋಗಿರುತ್ತಾರೆ. ಆ ಪುಸ್ತಕವನ್ನು ಈಚೆ ತೆಗೆಸಿ, ನಿಮ್ಮ ಊರಿನ ಹೊಳೆ, ಕಾನು, ಜಡ್ಡು, ಮೀನು, ಅಪ್ಪೆಮಿಡಿ ಮರ, ಔಷಧಿ ಬೇರು ಎಲ್ಲವನ್ನೂ ಗೊತ್ತಿದ್ದವರನ್ನು ಕೂರಿಸಿಕೊಂಡು ಸರಿಯಾಗಿ ಬರೆಯಿಸಿ, ಗ್ರಾಮಸಭೆಯ ಠರಾವು ಮಾಡಿಸಿ. ಮುಂದೆ ಯಾವ ಕಂಪನಿ, ಯಾವ ನಿಗಮ ಬಂದು ಇಲ್ಲಿ ವಿಶೇಷವಾದದ್ದು ಏನೂ ಇಲ್ಲ ಎಂದು ಬರೆದರೂ ಎದುರಿಗೆ ಇಡಲು ಸರ್ಕಾರದ್ದೇ ಮೊಹರಿರುವ ಒಂದು ಪುಸ್ತಕ ಇರುತ್ತದೆ. ಮುಂದಿನ ಗ್ರಾಮಸಭೆ ಯಾವತ್ತು ಎಂದು ಈ ವಾರವೇ ವಿಚಾರಿಸಿ, ಇಬ್ಬಿಬ್ಬರಾಗಿ ಹೋಗಿ. ಏನಾಯಿತೆಂದು ಬಂದು ನನಗೂ ಹೇಳಿ, ನಡಾವಳಿಯಲ್ಲಿ ಬರೆದುಕೊಳ್ಳೋಣ.